ಮನಿಷ್ಟುಶು ದೊರೆಯ ಬೆನ್ನು

ದೋಹಾದ ಒಂದು ವಸ್ತುಸಂಗ್ರಹಾಲಯದಲ್ಲಿ ನಾನು ಮೂವತ್ತೊಂದು ವರ್ಷ ಕೆಲಸ ಮಾಡಿದೆ. ಎಂತ ಕೆಲಸ ಎಂದು ಊರಿನಲ್ಲಿ ಯಾರಾದರೂ ಕೇಳಿದರೆ ಒಂದೇ ಮಾತಿನಲ್ಲಿ ಹೇಳಲು ನನಗೆ ಇವತ್ತಿಗೂ ಬರುವುದಿಲ್ಲ. ನಾನು ಗೀರುಗಳನ್ನು ಬರೆಯುತ್ತಿದ್ದೆ. ಬೇರೆ ದೇಶದಿಂದ ಒಂದು ಮಡಕೆಯೋ ಮೂರ್ತಿಯೋ ಎರವಲಾಗಿ ಬಂದರೆ, ಪೆಟ್ಟಿಗೆ ತೆರೆದ ಕೂಡಲೇ ಟಾರ್ಚ್ ಹಿಡಿದು ಅದರ ಸುತ್ತ ನಡೆದು, ಎಲ್ಲಿ ಬಿರುಕು, ಎಲ್ಲಿ ಚಕ್ಕೆ ಎದ್ದಿದೆ, ಎಲ್ಲಿ ಯಾವ ಬಣ್ಣದ ಕಲೆ ಎಂದು ಒಂದೂ ಬಿಡದೆ ಬರೆದು ಸಹಿ ಹಾಕಬೇಕು. ತಿಂಗಳುಗಳ ನಂತರ ವಸ್ತು ಮರಳಿ ಹೋಗುವಾಗ ಆ ಬರಹ ಹಿಡಿದು ಮತ್ತೊಮ್ಮೆ ನೋಡಬೇಕು. ಬರುವಾಗ ಇಲ್ಲದ ಗೀರು ಹೋಗುವಾಗ ಇದ್ದರೆ ಅದು ನಮ್ಮ ತಪ್ಪು. ಇಷ್ಟೇ. ಇದಕ್ಕೆ ಕಂಡಿಷನ್ ರಿಪೋರ್ಟ್ ಎಂದು ಹೆಸರು.

ಈಚೆಗೆ ಮಂಗಳೂರು, ಉಡುಪಿ ಕಡೆಯ ಕೆಲವು ಹುಡುಗಿಯರು, ಹುಡುಗರು ಈ ಕೆಲಸಕ್ಕೆ ಬರತೊಡಗಿದ್ದಾರೆ. ಅವರು ಫೋನ್ ಮಾಡಿ ಕೇಳುವುದು ಸಂಬಳ, ವೀಸಾ, ಬಡ್ತಿಯ ಬಗ್ಗೆ. ಅದನ್ನೆಲ್ಲ ಆಫೀಸಿನವರೇ ಹೇಳುತ್ತಾರೆ. ನಾನು ಬರೆಯುತ್ತಿರುವುದು ಆಫೀಸಿನವರು ಹೇಳದ ಸಂಗತಿ.

ನಾನು ಉಡುಪಿ ಕಡೆಯ ಶಿರ್ವದವಳು, ಹೆಸರು ಐರಿನ್. ಮದುವೆಯಾಗಿ ದೋಹಾಕ್ಕೆ ಬಂದಾಗ ಟೈಪಿಂಗ್ ಮತ್ತು ಇಂಗ್ಲಿಷ್ ಬಿಟ್ಟರೆ ನನ್ನಲ್ಲಿ ಬೇರೆ ವಿದ್ಯೆ ಇರಲಿಲ್ಲ. ಮೊದಲ ಎರಡು ವರ್ಷ ಸೂಕ್ ವಾಕಿಫ್ ಎಂಬ ಹಳೆಯ ಪೇಟೆಯ ಹಿಂದಿನ ಗಲ್ಲಿಯಲ್ಲಿ ಉಳ್ಳಾಲದ ಒಬ್ಬ ಬ್ಯಾರಿ ವ್ಯಾಪಾರಿಯ ಆಫೀಸಿನಲ್ಲಿ ಬಿಲ್ಲು, ಪತ್ರ ಟೈಪ್ ಮಾಡುತ್ತಿದ್ದೆ. ಹಾಜಿ ಎಂದೇ ಎಲ್ಲರೂ ಅವರನ್ನು ಕರೆಯುವುದು. ಮ್ಯೂಸಿಯಮ್ಮಿನಲ್ಲಿ ಟೈಪಿಸ್ಟ್ ಬೇಕಂತೆ ಎಂದು ಸುದ್ದಿ ತಂದವರೂ ಅವರೇ. ಕೆಲಸ ಸಿಕ್ಕಿತು ಎಂದು ಹೇಳಲು ಹೋದಾಗ ಮಾತ್ರ ಅವರಿಗೆ ಅನುಮಾನ ಬಂತು. “ಒಡೆದ ಮಡಕೆ ನೋಡಿದ್ದಕ್ಕೆ ಸಂಬಳ ಕೊಡ್ತಾರಾ ಮಾರಾಯ್ತಿ? ಸರಿಯಾಗಿ ಕೇಳಿಕೊಂಡು ಬಂದಿದ್ದೀಯಾ?” ಎಂದರು.

ಅವರ ಅನುಮಾನಕ್ಕೆ ಕಾರಣವಿತ್ತು. ಸಂದರ್ಶನದಲ್ಲಿ ನಡೆದದ್ದನ್ನು ಅವರಿಗೆ ಹೇಳಿದ್ದೆ. ವಿಭಾಗದ ಮುಖ್ಯಸ್ಥರು ಇದ್ರಿಸ್ ಎಂಬ ಸುಡಾನಿನವರು, ಎತ್ತರದ ಆಳು, ಮೆಲುದನಿ. ಅವರು ನನ್ನ ಟೈಪಿಂಗ್ ನೋಡಲೇ ಇಲ್ಲ. ಮೇಜಿನ ಮೇಲೆ ಒಂದು ಹಿತ್ತಾಳೆಯ ಕಾಫಿ ಪಾತ್ರೆ ಇಟ್ಟು, ಕಂಡದ್ದನ್ನು ಬರೆ ಎಂದರು. ನಾನು “ಹಳೆಯ ಕಾಫಿ ಪಾತ್ರೆ, ಹಾಳಾಗಿದೆ” ಎಂದು ಬರೆದುಕೊಟ್ಟೆ. ಅವರು ‘ಹಳೆಯ’ ಎಂಬುದನ್ನು ಹೊಡೆದುಹಾಕಿ, ಅದು ಹಳೆಯದು ಎಂದು ನಿನಗೆ ಯಾರು ಹೇಳಿದರು ಎಂದು ಕೇಳಿದರು. ಆಮೇಲೆ ‘ಹಾಳಾಗಿದೆ’ ಎಂಬುದನ್ನೂ ಹೊಡೆದರು. ಎಲ್ಲಿ, ಎಷ್ಟು ಉದ್ದ, ಯಾವ ದಿಕ್ಕಿಗೆ? ಅಂತೂ ನನ್ನ ಕಾಗದದಲ್ಲಿ ಉಳಿದದ್ದು ‘ಕಾಫಿ ಪಾತ್ರೆ’ ಎಂಬ ಎರಡು ಶಬ್ದ. ಅಷ್ಟನ್ನಾದರೂ ಸರಿಯಾಗಿ ಬರೆದೆಯಲ್ಲ ಎಂದು ಅವರು ನನ್ನನ್ನು ಸೇರಿಸಿಕೊಂಡರು.

ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯುವುದು, ಊಹೆಯನ್ನು ಹೊರಗಿಡುವುದು, ಇವು ಹೇಳಿದಷ್ಟು ಸುಲಭವಲ್ಲ. ‘ಬಿದ್ದು ಒಡೆದಿದೆ’ ಎಂದು ಬರೆಯಬಾರದು, ಬೀಳುವುದನ್ನು ನೀವು ನೋಡಿಲ್ಲ. ‘ತುಕ್ಕು’ ಎನ್ನಬಾರದು, ‘ಕೆಂಗಂದು ಬಣ್ಣದ ಪುಡಿಯಂಥ ಪದರ’ ಎನ್ನಬೇಕು. ನನಗೆ ಇದು ಕೈಹತ್ತಲು ಎರಡು ವರ್ಷ ಹಿಡಿಯಿತು.

ಆ ಎರಡು ವರ್ಷದಲ್ಲಿ ಮಾಡಿದ ಎಡವಟ್ಟುಗಳಲ್ಲಿ ಒಂದನ್ನು ಹೇಳಿಬಿಡುತ್ತೇನೆ. ಒಮ್ಮೆ ಮರದ ಒಂದು ದೇವತೆಯ ಮೂರ್ತಿ ಬಂತು. ನಾನು ‘ಎಡಗೈಯ ಕಿರುಬೆರಳು ಇಲ್ಲ’ ಎಂದು ಬರೆದು ಕಳುಹಿಸಿದೆ. ಮೂರ್ತಿ ಕೊಟ್ಟವರ ದಾಖಲೆಯಲ್ಲಿ ಬಲಗೈಯ ಕಿರುಬೆರಳು ಇಲ್ಲ ಎಂದಿತ್ತು. ದಾರಿಯಲ್ಲಿ ಇನ್ನೊಂದು ಬೆರಳೂ ಹೋಯಿತೆಂದು ಅವರು ಗಾಬರಿಯಾದರು, ವಿಮೆಯವರು ಓಡಿಬಂದರು. ಇದ್ರಿಸ್ ಬಂದು ಮೂರ್ತಿಯನ್ನು ನೋಡಿ, ನನ್ನನ್ನು ಅದರ ಪಕ್ಕದಲ್ಲಿ, ಅದು ಮುಖ ಮಾಡಿದ ಕಡೆಗೇ ಮುಖ ಮಾಡಿ ನಿಲ್ಲಿಸಿದರು. ಎಡಗೈ ಎತ್ತು ಎಂದರು. ಎತ್ತಿದೆ. ಮೂರ್ತಿಯ ಎಡಗೈಯಲ್ಲಿ ಐದು ಬೆರಳೂ ಇದ್ದವು. ಎದುರು ನಿಂತವಳ ಎಡವನ್ನು ನಾನು ಮೂರ್ತಿಗೆ ಹೊರಿಸಿದ್ದೆ. ಅವರು ಬೈಯಲಿಲ್ಲ. ಎಡ ಎಂದರೆ ಯಾವಾಗಲೂ ಅದರ ಎಡ, ನೋಡುವವರದಲ್ಲ, ಎಂದಷ್ಟೇ ಹೇಳಿದರು.

ಕೆಲಸದ ರೀತಿ ನನ್ನ ಕಣ್ಣೆದುರೇ ಬದಲಾಯಿತು. ಮೊದಲು ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಿಂದ ವಸ್ತುವಿನ ನಾಲ್ಕೂ ಮಗ್ಗುಲು ಬಿಡಿಸಿ ಗೀರುಗಳನ್ನು ಗುರುತಿಸುತ್ತಿದ್ದೆವು. ಚಿತ್ರ ಬಿಡಿಸಬೇಕಾದರೆ ನೋಡಲೇಬೇಕು, ಬೇರೆ ದಾರಿಯಿಲ್ಲ. ಬಿಳಿ ಹತ್ತಿಯ ಕೈಗವಸು ಹೋಗಿ ರಬ್ಬರಿನದು ಬಂತು, ಅದು ಒಳ್ಳೆಯದೇ ಆಯಿತು. ಹತ್ತಿಯದರಲ್ಲಿ ಗಾಜು ಜಾರುತ್ತಿತ್ತು. ಕಡೆಗೆ ಟ್ಯಾಬ್ಲೆಟ್ ಬಂತು. ಕೊಟ್ಟವರ ಹಳೆಯ ವರದಿ ಅದರಲ್ಲಿ ಮೊದಲೇ ತುಂಬಿರುತ್ತದೆ. ಒಂದೊಂದು ಮಗ್ಗುಲಿಗೆ ಒಂದೊಂದು ಚೌಕ. ಬದಲಾವಣೆ ಇಲ್ಲದಿದ್ದರೆ ‘ಹಿಂದಿನಂತೆ’ ಎಂಬ ಗುಂಡಿ ಒತ್ತಿದರಾಯಿತು. ಒಂದು ಗಂಟೆಯ ಕೆಲಸ ಇಪ್ಪತ್ತು ನಿಮಿಷಕ್ಕೆ ಇಳಿಯಿತು. ನಾವೆಲ್ಲ ಸಂತೋಷಪಟ್ಟೆವು. ನಾನು ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟೆ, ಯಾಕೆಂದರೆ ಆ ಹೊತ್ತಿಗೆ ನನ್ನ ಮಂಡಿ ನೋವು ಶುರುವಾಗಿತ್ತು.

ನಿವೃತ್ತಿಗೆ ಒಂದೂ ಕಾಲು ವರ್ಷ ಇರುವಾಗ ಮನಿಷ್ಟುಶು ಬಂದ.

ಈ ಹೆಸರು ನೀವು ಕೇಳಿರಲಾರಿರಿ. ನಾನೂ ಕೇಳಿರಲಿಲ್ಲ. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಈಗಿನ ಇರಾಕಿನಲ್ಲಿ ಅಕ್ಕಾಡ್ ಎಂಬ ರಾಜ್ಯವಿತ್ತು. ಅದನ್ನು ಕಟ್ಟಿದ ಸಾರ್ಗೋನ್ ಪ್ರಸಿದ್ಧ. ಅವನ ಮೊಮ್ಮಗ ನರಾಮ್‌ಸಿನ್ ಇನ್ನೂ ಪ್ರಸಿದ್ಧ, ತನ್ನನ್ನೇ ದೇವರೆಂದು ಕರೆಸಿಕೊಂಡವನು. ಮನಿಷ್ಟುಶು ಇವರಿಬ್ಬರ ನಡುವಿನವನು, ಮೊದಲನೆಯವನ ಮಗ, ಎರಡನೆಯವನ ಅಪ್ಪ. ಪ್ರದರ್ಶನಗಳನ್ನು ರೂಪಿಸುವ ನಮ್ಮ ಕ್ಯುರೇಟರ್ ಡಾಕ್ಟರ್ ಮುನೀರಾ ಕತಾರಿನವರೇ, ಲಂಡನ್ನಿನಲ್ಲಿ ಅಕ್ಕಾಡಿನ ಭಾಷೆ ಕಲಿತು ಬಂದವರು. ಅಪ್ಪನಿಗೂ ಮಗನಿಗೂ ಲೋಕದಲ್ಲಿ ಬೇಕಾದಷ್ಟು ಪ್ರದರ್ಶನ ಆಗಿವೆ, ಈ ಒಬ್ಬ ದೊರೆಯ ಆಳ್ವಿಕೆಗೆ ಒಂದು ಕೋಣೆಯನ್ನಾದರೂ ಕೊಡೋಣ ಎಂಬ ಹಟ ಅವರದು. ಅದಕ್ಕೆ ಕಾರಣ ಕೇಳಿದರೆ ಅವರು ಕಿಟಕಿಯಾಚೆ ಕಡಲ ದಂಡೆಯ ಕಾರ್ನಿಷ್ ರಸ್ತೆಯ ಕಡೆಗೆ ಕೈ ತೋರಿಸುತ್ತಿದ್ದರು. ಆ ಸಮುದ್ರವನ್ನು ಹಡಗಿನಲ್ಲಿ ದಾಟಿದೆನೆಂದು ಕಲ್ಲಿನ ಮೇಲೆ ಬರೆಸಿಟ್ಟ ದೊರೆ ಅವನು. ನಮ್ಮ ಕೊಲ್ಲಿಯನ್ನು ಅವರು ‘ಕೆಳಗಿನ ಕಡಲು’ ಎನ್ನುತ್ತಿದ್ದರಂತೆ.

ಪ್ರದರ್ಶನದ ನಡುವೆ ಇಡಬೇಕಾಗಿದ್ದದ್ದು ಅವನದೇ ಒಂದು ಕರಿಕಲ್ಲಿನ ಪ್ರತಿಮೆ. ಯುರೋಪಿನ ಒಂದು ಸಣ್ಣ ಊರಿನ ಸಂಗ್ರಹಾಲಯ ಎರವಲು ಕೊಟ್ಟಿತ್ತು. ಪ್ರತಿಮೆ ಎಂದರೆ ಸೊಂಟದಿಂದ ಕೆಳಗಿನ ಭಾಗ ಮಾತ್ರ. ತಲೆಯಿಲ್ಲ, ಕೈಯಿಲ್ಲ, ಪಾದವೂ ಇಲ್ಲ. ಅಂಚಿಗೆ ಕುಚ್ಚು ಬಿಟ್ಟ ಉದ್ದನೆಯ ಉಡುಪು, ಅದರ ಮುಂಭಾಗದಲ್ಲಿ ಸಾಲು ಸಾಲಾಗಿ ಮೊಳೆಯಂಥ ಅಕ್ಷರ. ಜೊತೆಗೆ ಬಂದವರು ಅಲ್ಲಿನ ಹೆನ್ರಿಕ್ ಎಂಬ ವಯಸ್ಸಾದ ಅಧಿಕಾರಿ. ವಸ್ತುವನ್ನು ಕಣ್ಣಿನಿಂದ ಆಚೆ ಬಿಡದೆ ತರುವುದು, ಹಾಗೆಯೇ ಮರಳಿ ಒಯ್ಯುವುದು ಅವರ ಕೆಲಸ.

ಪೆಟ್ಟಿಗೆ ತೆರೆದದ್ದು ಒಂದು ಗುರುವಾರ ಮಧ್ಯಾಹ್ನ. ವಾರದ ಕೊನೆಯ ದಿನ, ಎಲ್ಲರಿಗೂ ಮನೆಯ ಧ್ಯಾನ. ಭಾರದ ವಸ್ತುಗಳನ್ನು ಸಾಗಿಸುತ್ತಿದ್ದವನು ಬಿಷ್ಣು, ನೇಪಾಳದವನು, ಗುತ್ತಿಗೆ ಕಂಪನಿಯ ಮೂಲಕ ನಮ್ಮಲ್ಲಿ ಒಂಬತ್ತು ವರ್ಷದಿಂದ ಇದ್ದ. ಅವನು ಪ್ಯಾಲೆಟ್ ಗಾಡಿಯ ಮೇಲೆ ಕಲ್ಲನ್ನು ತಂದು ಗೋಡೆಯ ಹತ್ತಿರ ನಿಲ್ಲಿಸಿದ. ನಾನು ಮುಂಭಾಗ ನೋಡಿದೆ, ಎಡ ನೋಡಿದೆ, ಬಲ ನೋಡಿದೆ. ಅಷ್ಟರಲ್ಲಿ ಮುನೀರಾ ಓಡುತ್ತಲೇ ಬಂದರು. ಹತ್ತು ವರ್ಷ ಫೋಟೋದಲ್ಲಿ ಓದಿದ ಅಕ್ಷರಗಳನ್ನು ಅವರು ಮೊದಲ ಸಲ ಕಲ್ಲಿನ ಮೇಲೆ ನೋಡುತ್ತಿದ್ದರು. ಐರಿನ್, ಟಾರ್ಚನ್ನು ಪಕ್ಕದಿಂದ ಹಿಡಿ ಎಂದರು. ಬೆಳಕು ಓರೆಯಾಗಿ ಬಿದ್ದೊಡನೆ ಅಕ್ಷರಗಳೆಲ್ಲ ಎದ್ದು ನಿಂತವು.

ಅವರು ಬೆರಳನ್ನು ತಾಗಿಸದೆ, ಒಂದು ಗೇಣು ದೂರದಲ್ಲೇ ಸರಿಸುತ್ತ ಓದಿ ಅರ್ಥ ಹೇಳಿದರು. ಮನಿಷ್ಟುಶು ಹಡಗುಗಳನ್ನು ಕೆಳಗಿನ ಕಡಲಿಗೆ ಇಳಿಸಿದ. ಆಚೆ ದಡದ ಮೂವತ್ತೆರಡು ಊರುಗಳು ಒಟ್ಟಾಗಿ ಎದುರು ನಿಂತವು, ಅವನು ಗೆದ್ದ. ಅಲ್ಲಿಯ ಬೆಟ್ಟಗಳಿಂದ ಕರಿಕಲ್ಲು ಕಡಿಸಿ, ಹಡಗಿಗೆ ಹೇರಿಸಿ, ಅಕ್ಕಾಡಿನ ಹಡಗುಕಟ್ಟೆಗೆ ತರಿಸಿದ. ಅದರಲ್ಲಿ ತನ್ನ ಪ್ರತಿಮೆ ಮಾಡಿಸಿ ದೇವರಿಗೆ ಅರ್ಪಿಸಿದ. ಕೊನೆಯಲ್ಲಿ ದೇವರ ಮೇಲೆ ಆಣೆ ಇಟ್ಟಿದ್ದಾನೆ: ಇದು ಸುಳ್ಳಲ್ಲ, ನಿಜವಾಗಿಯೂ ನಿಜ.

“ದೊರೆಗೆ ಆಣೆ ಯಾಕೆ ಬೇಕಾಯಿತು?” ಎಂದು ನಾನು ಕೇಳಿದೆ.

“ನಂಬುವವರು ಇರಲಿಲ್ಲವೋ ಏನೋ,” ಎಂದರು ಮುನೀರಾ.

ಆಮೇಲೆ ಅವರು ಅವನ ಆಳ್ವಿಕೆಯ ಕಥೆಯನ್ನೆಲ್ಲ ಹೇಳಿದರು. ಸಾರ್ಗೋನ್ ಸತ್ತ ಮೇಲೆ ಮೊದಲು ಪಟ್ಟಕ್ಕೆ ಬಂದವನು ಇವನ ಸಹೋದರ ರಿಮುಶ್. ಅವನ ಕಾಲವೆಲ್ಲ ದಂಗೆ ಅಡಗಿಸುವುದರಲ್ಲೇ ಕಳೆಯಿತು. ಕಡೆಗೆ ಅವನನ್ನು ಆಸ್ಥಾನದವರೇ ಕೊಂದರು, ಅದೂ ತಮ್ಮ ಕಲ್ಲಿನ ಮುದ್ರೆಗಳಿಂದ ಎಂದು ಆಮೇಲಿನ ಕಾಲದವರು ಬರೆದಿದ್ದಾರೆ. ಮಣ್ಣಿನ ಪತ್ರಕ್ಕೆ ಒತ್ತುವ ಮುದ್ರೆಯಿಂದಲೇ ಕೊಲೆ. ಆ ರಕ್ತ ಒರೆಸಿದ ಗದ್ದುಗೆಯ ಮೇಲೆ ಮನಿಷ್ಟುಶು ಕುಳಿತ. ಅವನ ಹೆಸರಿನ ಅರ್ಥವೇ ‘ಅವನ ಜೊತೆ ಯಾರಿದ್ದಾರೆ’ ಎಂದಂತೆ. ಆದರೂ ಅವನ ಕಾಲ ಸಹೋದರನ ಕಾಲದಷ್ಟು ಕೆಟ್ಟದಾಗಿರಲಿಲ್ಲ. ಭೂಮಿ ಬೇಕಾದಾಗ ಕಿತ್ತುಕೊಳ್ಳದೆ ಕ್ರಯಕ್ಕೆ ತೆಗೆದುಕೊಂಡ, ಮಾರಿದವರು ಯಾರು, ಸಾಕ್ಷಿಗಳು ಯಾರು, ಅವತ್ತು ಊಟ ಮಾಡಿದವರು ಎಷ್ಟು ಮಂದಿ ಎಂಬುದನ್ನೂ ಒಂದು ಕರಿಕಲ್ಲಿನ ಮೇಲೆ ಕೊರೆಸಿದ. ದೂರದ ನಿನೆವೆಯಲ್ಲಿ ಒಂದು ಗುಡಿ ಕಟ್ಟಿಸಿದ, ಅದನ್ನು ಶತಮಾನಗಳ ಮೇಲೆ ಇನ್ನೊಬ್ಬ ದೊರೆ ನೆನೆಸಿಕೊಂಡಿದ್ದಾನೆ. ಇಷ್ಟೆಲ್ಲ ಮಾಡಿದರೂ ಅವನ ಸಾವೂ ಆಸ್ಥಾನದವರ ಕೈಯಲ್ಲೇ ಆಯಿತು ಎನ್ನುತ್ತಾರೆ. ಅವನ ರಾಜಧಾನಿ ಅಕ್ಕಾಡ್ ಎಲ್ಲಿತ್ತೆಂದು ಇನ್ನೂ ಯಾರಿಗೂ ಸಿಕ್ಕಿಲ್ಲ. ಉಳಿದದ್ದು ಈ ಕಲ್ಲು.

ಬಿಷ್ಣು ಕೂಡ ಗಾಡಿಯ ಹಿಡಿಗೆ ಕೈಯೂರಿ ಕೇಳುತ್ತಿದ್ದ. ಹೆನ್ರಿಕ್ ಪ್ರಯಾಣದ ಆಯಾಸದಿಂದ ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ಸ್ಟಾಫ್ ಬಸ್ಸಿನ ಹೊತ್ತಾಗಿತ್ತು, ಹೊರಗಿನಿಂದ ಯಾರೋ “ಯಲ್ಲಾ, ಯಲ್ಲಾ” ಎಂದು ಹೊರಡಲು ಅವಸರಪಡಿಸಿ ಕೂಗಿದರು. ಟ್ಯಾಬ್ಲೆಟ್ಟಿನಲ್ಲಿ ಒಂದು ಚೌಕ ಉಳಿದಿತ್ತು: ಹಿಂಬದಿ. ಅದನ್ನು ನೋಡಬೇಕಾದರೆ ಗಾಡಿಯನ್ನು ಗೋಡೆಯಿಂದ ಎಳೆಸಿ, ನೆಲದ ಮೇಲೆ ಕೂತು ನೋಡಬೇಕು. ನಾನು ‘ಹಿಂದಿನಂತೆ’ ಒತ್ತಿ ಸಹಿ ಹಾಕಿದೆ. ನನ್ನ ಬರಹಕ್ಕೆ ಒಪ್ಪಿಗೆ ಎಂದು ಹೆನ್ರಿಕ್ ಕೆಳಗೆ ಸಹಿ ಹಾಕಿದರು. ಅವತ್ತು ಬಸ್ಸಿನಲ್ಲಿ ನಾನು ಯೋಚಿಸಿದ್ದು ದೊರೆಯ ಬಗ್ಗೆ ಮಾತ್ರ, ಅವನ ಬೆನ್ನಿನ ಬಗ್ಗೆ ಅಲ್ಲ.

ಪ್ರತಿಮೆಯನ್ನು ಪೀಠಕ್ಕೆ ಏರಿಸುವ ದಿನ ಬಿಷ್ಣುವಿನ ಗಾಡಿಯ ಮೂಲೆ ಪೀಠಕ್ಕೆ ಸ್ವಲ್ಪ ತಾಗಿತು. ಬಣ್ಣ ಒಂದು ಬೆರಳಷ್ಟು ಎದ್ದಿತು, ಅಷ್ಟೇ. ಯಾರೂ ನೋಡಿರಲಿಲ್ಲ. ಅವನೇ ಬಂದು ಹೇಳಿದ, ನಾನೇ ಬರೆದುಕೊಂಡೆ. ಈ ಸಂಗತಿ ಕಡತ ಸೇರಿತು. ಪ್ರದರ್ಶನ ಐದು ತಿಂಗಳು ಚೆನ್ನಾಗಿ ನಡೆಯಿತು. ಶಾಲೆಯ ಮಕ್ಕಳು ಬಂದರು, ದೋಹಾದ ಹೊರಗಿನ ಲುಸೈಲ್‌ನಲ್ಲಿ ಸೈಟ್ ಆಫೀಸಿನಲ್ಲಿದ್ದ ನನ್ನ ಗಂಡ ವಿನ್ಸೆಂಟ್ ಕೂಡ ಬಂದು, ಸೊಂಟದ ಮೇಲೆ ಏನೂ ಇಲ್ಲದ ರಾಜನನ್ನು ನೋಡಲು ಇಷ್ಟು ದೂರದಿಂದ ಬರಬೇಕಿತ್ತಾ ಎಂದು ಕೇಳಿ, ಕರಕ್ ಚಹಾ ಕುಡಿದು ಹೋದರು.

ಮರಳಿಸುವ ತಪಾಸಣೆ ಒಂದು ಭಾನುವಾರ ಬೆಳಿಗ್ಗೆ. ಹೆನ್ರಿಕ್ ಈ ಸಲ ಚುರುಕಾಗಿದ್ದರು. ಪ್ರತಿಮೆ ಕೋಣೆಯ ನಡುವೆ ಇತ್ತು, ಸುತ್ತಲೂ ಬೆಳಕು. ಅವರು ಹಿಂದೆ ಹೋಗಿ ಬಗ್ಗಿದವರು ಹಾಗೆಯೇ ನಿಂತುಬಿಟ್ಟರು. ಉಡುಪಿನ ಅಂಚಿನಲ್ಲಿ, ದೊರೆಯ ಬಲಗಡೆ, ಹೆಬ್ಬೆರಳ ಉಗುರಿನಷ್ಟು ಚಕ್ಕೆ ಎದ್ದಿತ್ತು. ಕರಿಕಲ್ಲಿನ ಮೇಲೆ ಬಿಳಿಚಿಕೊಂಡ ಗುರುತು, ಈಗಷ್ಟೇ ಒಡೆದ ಹಾಗೆ. ಅವರ ಊರಿನ ವರದಿಯಲ್ಲಿ ಅದು ಇರಲಿಲ್ಲ. ನನ್ನ ವರದಿಯಲ್ಲಿ ‘ಹಿಂಬದಿ: ಹಿಂದಿನಂತೆ’ ಎಂದಿತ್ತು, ಕೆಳಗೆ ನನ್ನ ಸಹಿ. ಎಂದರೆ ಅದು ದೋಹಾದಲ್ಲೇ ಆದದ್ದು.

ಕಡತ ತೆಗೆದರು. ಪೀಠಕ್ಕೆ ಗಾಡಿ ತಾಗಿದ ಸಂಗತಿ ನನ್ನದೇ ಅಕ್ಷರದಲ್ಲಿ ಸಿಕ್ಕಿತು. ಸಂಜೆಯೊಳಗೆ ಗುತ್ತಿಗೆ ಕಂಪನಿಯವರು ಬಿಷ್ಣುವಿನ ಗೇಟ್ ಪಾಸ್ ವಾಪಸ್ ಪಡೆದು, ವಸತಿಯಲ್ಲೇ ಇರು, ವಿಚಾರಣೆ ಮುಗಿದ ಮೇಲೆ ಊರಿಗೆ ಟಿಕೆಟ್ ಕೊಡುತ್ತೇವೆ ಎಂದರು. ಅವನು ತಾನಾಗಿ ಬಂದು ಹೇಳಿದ ಮಾತೇ ಅವನಿಗೆ ಮುಳ್ಳಾಯಿತು.

ಆ ಕ್ಷಣವೇ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಇದನ್ನು ಓದುವ ಎಳೆಯರಿಗೆ ನಾನು ಸತ್ಯವಂತೆ ಎಂದು ತೋರಿಸಿಕೊಳ್ಳುವ ಆಸೆ ನನಗಿಲ್ಲ. ನಾನು ಹಿಂಬದಿ ನೋಡಿರಲಿಲ್ಲ ಎಂಬುದು ಭಾನುವಾರ ಬೆಳಿಗ್ಗೆಯೇ ನನಗೆ ಸ್ಪಷ್ಟವಾಗಿ ನೆನಪಿತ್ತು. ಗೋಡೆ, ಬಸ್ಸಿನ ಕೂಗು, ಗುಂಡಿಯ ಮೇಲಿನ ನನ್ನ ಬೆರಳು, ಎಲ್ಲವೂ. ಆದರೆ ಮನಸ್ಸು ವಾದ ಹೂಡಿತು. ನಾನು ನೋಡಲಿಲ್ಲ ಎಂದ ಮಾತ್ರಕ್ಕೆ ಚಕ್ಕೆ ಆಗಲೇ ಎದ್ದಿತ್ತು ಎಂದಾಗುತ್ತದೆಯೇ? ಬಿಷ್ಣುವಿನ ಗಾಡಿ ತಾಗಿದ್ದು ನಿಜ ತಾನೆ? ಬಾಯಿ ಬಿಟ್ಟರೆ ಮೂವತ್ತು ವರ್ಷ ನಾನು ಹಾಕಿದ ಸಹಿಗಳನ್ನೆಲ್ಲ ಜನ ಅನುಮಾನದಿಂದ ನೋಡುತ್ತಾರೆ. ಐರಿನ್ ಬರೆದರೆ ಖಲಾಸ್, ಮತ್ತೆ ನೋಡಬೇಕಾಗಿಲ್ಲ ಎನ್ನುವ ಮಾತು ನಮ್ಮ ವಿಭಾಗದಲ್ಲಿತ್ತು. ಆ ಮಾತು ನನಗೆ ಎಷ್ಟು ಇಷ್ಟವಾಗಿತ್ತೆಂದು ಆ ವಾರ ಗೊತ್ತಾಯಿತು.

ಸೋಮವಾರ ವಿನ್ಸೆಂಟ್‌ಗೆ ಹೇಳಿದೆ. ಅವರು ಅನ್ನ ಕಲಸುವುದನ್ನು ನಿಲ್ಲಿಸಿದರು. “ಇನ್ನು ಎಂಟು ತಿಂಗಳು ಉಂಟು ನಿನಗೆ. ಸುಮ್ಮನೆ ಯಾಕೆ ಮೈಮೇಲೆ ಎಳೆದುಕೊಳ್ಳುತ್ತಿ?” ಎಂದರು. ಅವರು ಕೆಟ್ಟವರಲ್ಲ, ನನ್ನ ಬಗ್ಗೆ ಹೆದರಿದ್ದರು. ನಾನೂ ಅದೇ ಉತ್ತರ ಬೇಕೆಂದೇ ಅವರನ್ನು ಕೇಳಿದ್ದೆ. ಮಂಗಳವಾರ ಇಡೀ ದಿನ ಬೇರೆ ವಸ್ತುಗಳ ವರದಿ ಬರೆದೆ. ಪ್ರತಿಯೊಂದರ ಹಿಂಬದಿಯನ್ನೂ ಎರಡೆರಡು ಸಲ ನೋಡಿದೆ, ಅದರಿಂದ ಯಾರಿಗೆ ಏನು ಉಪಯೋಗವೋ.

ಬುಧವಾರ ಬೆಳಿಗ್ಗೆ ಬಿಷ್ಣು ಫೋನ್ ಮಾಡಿದ. ನಾವು ಹಿಂದಿಯಲ್ಲಿ ಮಾತನಾಡುತ್ತಿದ್ದೆವು. ಬೈಯುತ್ತಾನೆ, ಇಲ್ಲವೇ ಸಹಾಯ ಕೇಳುತ್ತಾನೆ ಎಂದುಕೊಂಡೆ. ಎರಡೂ ಮಾಡಲಿಲ್ಲ. ಮೂರು ದಿನದಿಂದ ಕೂತು ಯೋಚಿಸುತ್ತಿದ್ದೇನೆ ಎಂದ. ಕಲ್ಲಿಗೆ ಏನೂ ತಾಗಿದ ನೆನಪು ತನಗಿಲ್ಲವಂತೆ.

“ಆದರೆ ಮೇಡಂ, ನೀವು ಬರೆದದ್ದು ತಪ್ಪಾಗುವುದಿಲ್ಲವಲ್ಲ. ನಾನೇ ಮಾಡಿರಬೇಕು. ನನಗೆ ಗೊತ್ತಾಗಿಲ್ಲ ಅಷ್ಟೇ. ಸಾಹೇಬರಿಗೆ ನನ್ನ ಮಾಫಿ ಹೇಳಿ.”

ತನ್ನ ಕಣ್ಣನ್ನು, ಕೈಯನ್ನು, ನೆನಪನ್ನು ನಂಬುವುದು ಬಿಟ್ಟು ಅವನು ನನ್ನ ಸಹಿಯನ್ನು ನಂಬಿದ್ದ. ಮಾಡದ ತಪ್ಪನ್ನು ಒಪ್ಪಿಕೊಳ್ಳಲು ಅವನಿಗೆ ಅಷ್ಟು ಸಾಕಾಗಿತ್ತು.

ಎದ್ದು ಇದ್ರಿಸರ ಕೋಣೆಗೆ ಹೋದೆ. ವಯಸ್ಸಾಗಿದ್ದರೂ ಅವರನ್ನು ಸಲಹೆಗಾರರೆಂದು ಇನ್ನೂ ಉಳಿಸಿಕೊಂಡಿದ್ದರು. ಬಾಗಿಲು ಮುಚ್ಚಿ, ನಿಂತೇ ಹೇಳಿದೆ: “ನಾನು ಹಿಂಬದಿ ನೋಡಿಲ್ಲ. ನೋಡದೆ ಸಹಿ ಹಾಕಿದ್ದೇನೆ.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಇದು ನಿನಗೆ ಯಾವತ್ತಿನಿಂದ ನೆನಪಿದೆ?”

“ಭಾನುವಾರದಿಂದ.”

ಅವರ ಮುಖದಲ್ಲಿ ಆಗ ಕಂಡದ್ದನ್ನು ಇಲ್ಲಿ ಬರೆಯಲಾರೆ. ನೋಡದ್ದಕ್ಕೆ ಅವರು ಬೇಸರಪಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರನ್ನು ನೋಯಿಸಿದ್ದು ನಡುವಿನ ಆ ನಾಲ್ಕು ದಿನ. ಅವರು ಒಂದು ಬಿಳಿ ಹಾಳೆ, ಪೆನ್ಸಿಲ್ ನನ್ನ ಮುಂದೆ ಸರಿಸಿದರು. ಕೈಯಲ್ಲೇ ಬರೆ, ಏನು ಮಾಡಿದೆಯೋ ಅಷ್ಟೇ, ಯಾಕೆ ಎಂಬುದು ಬೇಡ ಎಂದರು. ನಾಲ್ಕು ಸಾಲು ಬರೆದೆ. ಮಂಡಿ ನೋವು, ಬಸ್ಸು, ದೊರೆಯ ಕಥೆ ಒಂದನ್ನೂ ಅದರಲ್ಲಿ ಸೇರಿಸಲಿಲ್ಲ.

ಆ ಹಾಳೆಯಿಂದ ಒಂದು ಸಂಗತಿ ಕೂಡಲೇ ಬದಲಾಯಿತು. ಅಲ್ಲಿಯವರೆಗೆ ಚಕ್ಕೆ ಹೊಸದೋ ಹಳೆಯದೋ ಎಂದು ಪರೀಕ್ಷಿಸುವ ಪ್ರಶ್ನೆಯೇ ಯಾರಿಗೂ ಹುಟ್ಟಿರಲಿಲ್ಲ. ಬರುವಾಗ ಇರಲಿಲ್ಲ ಎಂದು ಸಹಿ ಇದ್ದ ಮೇಲೆ ಪರೀಕ್ಷೆ ಯಾಕೆ? ಈಗ ಇದ್ರಿಸ್ ಸಂರಕ್ಷಣಾ ವಿಭಾಗದ ಸುಜಾಳನ್ನು ಕರೆಸಿದರು. ತೃಶ್ಶೂರಿನವಳು, ಕಲ್ಲಿನ ವಿಷಯದಲ್ಲಿ ನಮ್ಮಲ್ಲಿ ಅವಳ ಮೇಲೆ ಯಾರೂ ಇಲ್ಲ. ಅವಳು ಭೂತಗನ್ನಡಿಯ ದೀಪವನ್ನು ಎಳೆದುಕೊಂಡು ದೊರೆಯ ಹಿಂದೆ ನೆಲದ ಮೇಲೆ ಹೊಟ್ಟೆ ಅಡಿಯಾಗಿ ಮಲಗಿಬಿಟ್ಟಳು. ಹೆನ್ರಿಕ್, ಮುನೀರಾ, ಇದ್ರಿಸ್, ನಾನು ಸುತ್ತ ನಿಂತಿದ್ದೆವು. ಆಮೇಲೆ ಸೂಜಿಯ ಮೊನೆಯಿಂದ ಒಂದು ಕಣವನ್ನು ಗಾಜಿನ ಮೇಲೆ ತೆಗೆದುಕೊಂಡು ಎದ್ದಳು.

“ಚೇಚಿ, ಇದು ಕಲ್ಲಿನ ಬಿಳಿ ಅಲ್ಲ,” ಎಂದಳು ನನ್ನ ಕಡೆ ನೋಡಿ. “ಇದು ಪ್ಲಾಸ್ಟರ್.”

ಚಕ್ಕೆ ಎದ್ದ ಗುಳಿಯ ತಳದಲ್ಲಿ ಪ್ಲಾಸ್ಟರ್ ಅಂಟಿತ್ತು, ಅದರ ಅಂಚಿನಲ್ಲಿ ಕಂದಾಗಿ ಗಟ್ಟಿಯಾದ ಹಳೆಯ ಮೇಣ. ನಮ್ಮಲ್ಲಿ ಆ ಕಲ್ಲಿನ ಹತ್ತಿರ ಪ್ಲಾಸ್ಟರ್ ತಂದದ್ದೇ ಇಲ್ಲ. ಹೆನ್ರಿಕ್ ತಮ್ಮ ಊರಿಗೆ ಫೋನ್ ಮಾಡಿ ಹಳೆಯ ಪುಸ್ತಕಗಳನ್ನು ತೆಗೆಸಿದರು. ಅವರ ತಾತನ ಕಾಲದಲ್ಲಿ ಯಾವುದೋ ವಿಶ್ವವಿದ್ಯಾಲಯಕ್ಕಾಗಿ ಪ್ರತಿಮೆಯ ಅಚ್ಚು ತೆಗೆದಿದ್ದರು. ಅಚ್ಚಿನ ಪ್ಲಾಸ್ಟರ್ ಒಳಗೆ ಹೋಗಿ ಕೂರಬೇಕಾದರೆ ಆ ಗುಳಿ ಅದಕ್ಕೂ ಹಿಂದಿನದು. ಅಲ್ಲಿಂದ ಇತ್ತ ಅವರೂ ಪ್ರತಿ ತಪಾಸಣೆಯಲ್ಲಿ ಹಿಂಬದಿಗೆ ‘ಹಿಂದಿನಂತೆ’ ಎಂದೇ ಬರೆಯುತ್ತ ಬಂದಿದ್ದರು. ಹೆನ್ರಿಕ್ ಆ ಸಂಜೆ ನನ್ನ ಕೈಕುಲುಕಿ, ನಾನೂ ಅವತ್ತು ಎದ್ದು ನೋಡಬೇಕಿತ್ತು ಎಂದರು. ಮನಿಷ್ಟುಶುವಿನ ಬೆನ್ನನ್ನು ಒಬ್ಬರಲ್ಲ, ಮೂರು ತಲೆಮಾರಿನವರು ನೋಡಿರಲಿಲ್ಲ.

ಗುರುವಾರ ಬಿಷ್ಣುವಿನ ಗೇಟ್ ಪಾಸ್ ಮರಳಿ ಬಂತು. ನನಗೆ ಎಚ್ಚರಿಕೆಯ ಪತ್ರ ಬಂತು. ಇನ್ನು ಮುಂದೆ ನಾನು ಒಬ್ಬಳೇ ಯಾವ ವರದಿಗೂ ಸಹಿ ಹಾಕುವಂತಿಲ್ಲ ಎಂದಿತ್ತು ಅದರಲ್ಲಿ. ಮುಂದಿನ ತಿಂಗಳು ಇದ್ರಿಸ್ ಅದನ್ನು ಇಡೀ ವಿಭಾಗಕ್ಕೆ ನಿಯಮ ಮಾಡಿಸಿದರು: ಪ್ರತಿ ವಸ್ತುವಿಗೂ ಇಬ್ಬರು ಬೇರೆಬೇರೆಯಾಗಿ ನೋಡಿ ಎರಡು ಸಹಿ ಹಾಕಬೇಕು. ‘ಹಿಂದಿನಂತೆ’ ಎಂಬ ಗುಂಡಿಯನ್ನು ಟ್ಯಾಬ್ಲೆಟ್ಟಿನಿಂದ ತೆಗೆಸಿದರು. ಹೊಸದಾಗಿ ಸೇರಿದವರು ಈ ಎರಡನೇ ಸಹಿಯನ್ನು ಬೈಯುವುದು ನನ್ನ ಕಿವಿಗೂ ಬಿದ್ದಿದೆ, ಎಷ್ಟು ಹೊತ್ತು ಹಾಳು ಎಂದು. ಅವರು ಬೈಯಬೇಕಾದದ್ದು ನನ್ನನ್ನು.

ಬಿಷ್ಣುವಿನ ವಿಷಯ ಅಷ್ಟು ಬೇಗ ಸರಿಹೋಗಲಿಲ್ಲ. ಅವನು ಮರಳಿದ ದಿನ ನಾನು ಸರಕು ಇಳಿಸುವ ಅಂಗಳಕ್ಕೆ ಹೋಗಿ ಎಲ್ಲವನ್ನೂ ಹೇಳಿದೆ. ಭಾನುವಾರದಿಂದಲೇ ಗೊತ್ತಿತ್ತು ಎಂಬುದನ್ನೂ ಮುಚ್ಚಿಡಲಿಲ್ಲ. ಅವನು ಗಾಡಿಯ ಚಕ್ರಕ್ಕೆ ಎಣ್ಣೆ ಬಿಡುತ್ತಿದ್ದ. ತಲೆಯೆತ್ತಲಿಲ್ಲ. ಮನೆಯಲ್ಲಿ ಹೆಂಡತಿಗೆ ಹೇಳಿಬಿಟ್ಟಿದ್ದೆ ಮೇಡಂ, ಕಲ್ಲು ಒಡೆದೆ ಎಂದು, ಅವಳು ಮೂರು ದಿನ ಅತ್ತಳು ಎಂದ. ಅಷ್ಟೇ. ಆಮೇಲೆ ಕೆಲಸದ ಮಾತು ಬಿಟ್ಟು ಬೇರೆ ಮಾತು ನಮ್ಮ ನಡುವೆ ನಿಂತುಹೋಯಿತು. ಮೊದಲು ಹತ್ತು ಗಂಟೆಗೆ ಅಂಗಳದಲ್ಲಿ ಒಟ್ಟಿಗೆ ಚಹಾ ಕುಡಿಯುತ್ತಿದ್ದೆವು. ಈಗ ಅವನು ತನ್ನ ಲೋಟ ಹಿಡಿದು ಲಾರಿಯ ಆ ಬದಿಗೆ ಹೋಗುತ್ತಿದ್ದ. ನಾನು ಹಿಂಬಾಲಿಸಲಿಲ್ಲ. ಕ್ಷಮೆ ಕೇಳುವುದು ನನ್ನ ಕೆಲಸ, ಕೊಡುವುದೂ ಬಿಡುವುದೂ ಅವನಿಗೆ ಸೇರಿದ್ದು.

ಎಂಟು ತಿಂಗಳು ಹೀಗೆ ಹೋಯಿತು. ನನ್ನ ಕೊನೆಯ ವಾರದಲ್ಲಿ ಒಮಾನಿನಿಂದ ಕಲ್ಲಿನ ಒಂದು ದೊಡ್ಡ ತೊಟ್ಟಿ ಬಂತು. ಮೊದಲ ಸಹಿ ಬೇರೊಬ್ಬರದು, ಎರಡನೆಯದು ನನ್ನದು. ಅವರು ನೋಡಿ ಮುಗಿಸಿ ಹೋದ ಮೇಲೆ ನಾನು ಟಾರ್ಚ್ ಹಿಡಿದು ಶುರುಮಾಡಿದೆ. ಮುಂಭಾಗ, ಎಡ, ಬಲ. ತೊಟ್ಟಿ ಗೋಡೆಗೆ ಹತ್ತಿರವಿತ್ತು. ಹಿಂದೆ ಹೇಗೆ ತೂರಿಕೊಳ್ಳಲಿ ಎಂದು ನಾನು ಮಂಡಿ ಹಿಡಿದುಕೊಂಡು ನಿಂತಿದ್ದೆ.

ಬಾಗಿಲ ಬಳಿ ನಿಂತಿದ್ದ ಬಿಷ್ಣು ಬಂದ. ಗಾಡಿಯನ್ನು ತೊಟ್ಟಿ ಕೂತಿದ್ದ ಮರದ ಪ್ಯಾಲೆಟ್ಟಿನ ಕೆಳಗೆ ತಳ್ಳಿ, ಎತ್ತಿ, ಗೋಡೆಯಿಂದ ಮೆಲ್ಲಗೆ ಹೊರಗೆಳೆದು, ಕಲ್ಲಿನ ಬೆನ್ನು ನನ್ನ ಕಡೆ ಬರುವ ಹಾಗೆ ತಿರುಗಿಸಿ ಇಳಿಸಿದ. ಆಮೇಲೆ ಮೂಲೆಯಿಂದ ಒಂದು ಗಿಡ್ಡ ಸ್ಟೂಲು ತಂದು ಅದರ ಮುಂದಿಟ್ಟ.

“ಕೂತು ನೋಡಿ ಮೇಡಂ,” ಎಂದ. “ಆತುರ ಇಲ್ಲ.”